22 ವರ್ಷ ನಡೆಸಿದ ಸಾಫ್ಟ್‌ವೇರ್ ಕಂಪನಿ ಬಿಟ್ಟುಕೊಡುತ್ತಿದ್ದೇನೆ. ಅದೇ ಆಫೀಸಿನಲ್ಲಿ ಕೂರಬೇಕಾ, ಬೇಡವಾ?

ಗೋಣಿಕೊಪ್ಪದ ಹಳಬ
ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದಾಗ ಓದಿ.

2003ರಲ್ಲಿ ಜಯನಗರದ ಒಂದು ಮನೆಯ ಮಹಡಿ ಮೇಲೆ ಮೂವರು ಸೇರಿ ಕಂಪನಿ ಶುರು ಮಾಡಿದೆವು. 2011ರಲ್ಲಿ ಅಪ್ಪ ಹಾಸಿಗೆ ಹಿಡಿದರು, ಕಾಫಿ ತೋಟ ನೋಡುವವರಿರಲಿಲ್ಲ. ಕಂಪನಿಯನ್ನೂ ಕಟ್ಟಿಕೊಂಡು ಕೊಡಗಿನ ಗೋಣಿಕೊಪ್ಪಕ್ಕೆ ಬಂದೆ. ಈಗ 31 ಜನ ಇದ್ದೇವೆ. ತೋಟಗಳ ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿ ಲೆಕ್ಕ), ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಲೆಕ್ಕ, ಸಣ್ಣ ಆಸ್ಪತ್ರೆಗಳ ಬಿಲ್ಲಿಂಗ್, ಇದಕ್ಕೆಲ್ಲ ಸಾಫ್ಟ್‌ವೇರ್ ಮಾಡುತ್ತೇವೆ.

ಏಪ್ರಿಲ್ 1ಕ್ಕೆ ನಾನು ಜವಾಬ್ದಾರಿ ಬಿಡುತ್ತಿದ್ದೇನೆ. 2009ರಲ್ಲಿ ಟ್ರೇನಿಯಾಗಿ ಸೇರಿದ ಹೆಣ್ಣುಮಗಳೊಬ್ಬರು, ಈಗ ನನ್ನ ಸಹೋದ್ಯೋಗಿ, ಇನ್ನು ಕಂಪನಿ ನಡೆಸುತ್ತಾರೆ. ಅವರು ನನ್ನನ್ನು ಎರಡು ವಿಷಯ ಕೇಳಿದರು. ಒಂದು, "ಸರ್, ಇಷ್ಟು ವರ್ಷದಲ್ಲಿ ಕಲಿತದ್ದನ್ನು ಬರೆದುಕೊಡಿ." ಇನ್ನೊಂದು, "ಏಪ್ರಿಲ್ ಆದಮೇಲೆ ನೀವು ಎಲ್ಲಿ ಕೂರುತ್ತೀರಿ?" ಮೊದಲನೆಯದಕ್ಕೆ ಕೂತು ಬರೆದೆ. ಎರಡನೆಯದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಬರೆದುಕೊಟ್ಟದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: ಕೆಟ್ಟ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತಲ್ಲ, ಆಗ ನಮ್ಮ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿನ ಒಬ್ಬನೇ ಗ್ರಾಹಕನದ್ದು. ಕೆಲಸ ನಿಲ್ಲಿಸುತ್ತೇವೆ ಅಂತ ಅವರು ಅಕ್ಟೋಬರ್‌ನಲ್ಲೇ ಹೇಳಿದರು. ನಾನು ಯಾರಿಗೂ ಬಾಯಿ ಬಿಡಲಿಲ್ಲ. ಬೇರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಎರಡು ತಿಂಗಳು ಓಡಾಡಿದೆ. ಡಿಸೆಂಬರ್‌ನಲ್ಲಿ 22 ಜನರಲ್ಲಿ 9 ಜನರನ್ನು ಕಳಿಸಬೇಕಾಯಿತು. ಶುಕ್ರವಾರ ಸಂಜೆ ಈಮೇಲ್ ಮಾಡಿದೆ. ಎದುರು ಕೂತು ಹೇಳುವ ಧೈರ್ಯ ನನಗಿರಲಿಲ್ಲ.

ಇನ್ನೊಂದು ಪಾಠ 2016ರದ್ದು. ಮೂರು ವಾರ ಮೈಸೂರಿನಲ್ಲಿ ಆಸ್ಪತ್ರೆ ಸೇರಿದ್ದೆ. ಸರ್ವರ್ ನಡೆಯಿತು, ಸಂಬಳವೂ ಆಯಿತು. ಆದರೆ ಹೊಸ ಗ್ರಾಹಕರೊಬ್ಬರು ಬಂದು ದರ ಕೇಳಿದಾಗ ಹೇಳುವವರೇ ಇರಲಿಲ್ಲ. ದರದ ಲೆಕ್ಕ ನನ್ನ ತಲೆಯಲ್ಲಿ ಮಾತ್ರ ಇತ್ತು. ಆ ಕೆಲಸ ಬೇರೆಯವರಿಗೆ ಹೋಯಿತು. ಗುಣವಾಗಿ ಬಂದ ಮೇಲೆ ಮೊದಲು ಮಾಡಿದ್ದು ದರಪಟ್ಟಿ ಬರೆದದ್ದು.

ಈಗ ಹೇಳಿ. ಸಲಹೆಗಾರ ಅಂತ ಒಂದು ಮೇಜು ಇಟ್ಟುಕೊಂಡು ಅಲ್ಲೇ ಇರಲಾ? ಪೂರ್ತಿ ಹೊರಗೆ ಬರಲಾ?

ನಿವೃತ್ತ ಸುಬೇದಾರ್
ಹೊರಗೆ ಬನ್ನಿ. ಸೈನ್ಯದಲ್ಲಿ ಹೊಸ ಕಮಾಂಡಿಂಗ್ ಆಫೀಸರ್ ಚಾರ್ಜ್ ತೆಗೆದುಕೊಂಡರೆ ಹಳಬರು ಆ ಯೂನಿಟ್‌ನಲ್ಲಿ ಉಳಿಯುವುದಿಲ್ಲ. ಎಷ್ಟೇ ಒಳ್ಳೆಯವರಾದರೂ ಅಷ್ಟೇ. ಜವಾನನಿಗೆ ಇಬ್ಬರು ಸಾಹೇಬರು ಇರಬಾರದು.

ಮಡಿಕೇರಿ ಮಂಜು
ಸುಬೇದಾರ್ ಸರ್, ಕಂಪನಿ ಸೈನ್ಯ ಅಲ್ಲ. ಸೈನ್ಯದಲ್ಲಿ ಎಲ್ಲವೂ ಬರಹದಲ್ಲಿ ಇರುತ್ತದೆ. ಸಣ್ಣ ಕಂಪನಿಯಲ್ಲಿ ಅರ್ಧ ವಿಷಯ ಯಜಮಾನರ ನೆನಪಿನಲ್ಲೇ ಇರುತ್ತದೆ. ಹಳಬರು ಒಮ್ಮೆಲೇ ಎದ್ದು ಹೋದರೆ ಗ್ರಾಹಕರೂ ಎದ್ದು ಹೋಗುತ್ತಾರೆ.

ನಿವೃತ್ತ ಸುಬೇದಾರ್
ಹಾಗಾದರೆ ಬರೆದಿಡಲಿ. ಏಪ್ರಿಲ್‌ಗೆ ಇನ್ನೂ ದಿನ ಇದೆ.

ಸಿದ್ದಾಪುರ ರೊಬಸ್ಟಾ
ನಮ್ಮ ಮನೆಯ ಕಥೆ ಹೇಳುತ್ತೇನೆ. ಅಪ್ಪ ತೋಟ ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೂ ಬೆಳಿಗ್ಗೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ, ಸುಮ್ನೆ ಕೂರುತ್ತಿದ್ದರು ಅಷ್ಟೇ. ನಾನು ಮೇಸ್ತ್ರಿಗೆ ಕೆಳಗಿನ ಬ್ಲಾಕ್‌ನಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡಿಸಿ ಅಂತ ಹೇಳಿದರೆ ಅವನು ಆಯ್ತು ಅಂದು ಜಗಲಿಗೆ ಹೋಗುತ್ತಿದ್ದ. ಅಪ್ಪ ತಲೆ ಆಡಿಸಿದರೆ ಕೆಲಸ, ಇಲ್ಲದಿದ್ದರೆ ನಾಳೆ. ಹಾಗೇ ಮಳೆಗಾಲ ಹಿಡಿಯಿತು. ನೆರಳು ಜಾಸ್ತಿಯಾಗಿ ಆ ಬ್ಲಾಕ್‌ನಲ್ಲಿ ಫಸಲು ಇಳಿಯಿತು.

ಅಪ್ಪನದ್ದು ಏನೂ ತಪ್ಪಿಲ್ಲ ಅಂತ ಈಗಲೂ ಹೇಳುತ್ತೇನೆ. ಆದರೆ ಜನ ಕುರ್ಚಿಯನ್ನೂ ನೋಡುತ್ತಾರೆ. ನೀವು ಮಾತಾಡದಿದ್ದರೂ ನಿಮ್ಮ ಕುರ್ಚಿ ಮಾತಾಡುತ್ತದೆ ಅಣ್ಣ.

ಕುಶಾಲನಗರ ಕೋಡರ್
ದೊಡ್ಡ ಕಂಪನಿಗಳಲ್ಲೂ ಇದೇ ಸಮಸ್ಯೆ. ಇನ್ಫೋಸಿಸ್ ನೋಡಿ. 2002ರಲ್ಲಿ ನಾರಾಯಣ ಮೂರ್ತಿಯವರು ಸಿಇಒ ಸ್ಥಾನವನ್ನು ನಂದನ್ ನಿಲೇಕಣಿಯವರಿಗೆ ಕೊಟ್ಟರು, ಆ ಬದಲಾವಣೆ ಸರಾಗವಾಗಿ ನಡೆಯಿತು. 2013ರಲ್ಲಿ ಮೂರ್ತಿಯವರು ಮತ್ತೆ ವಾಪಸ್ ಬರಬೇಕಾಯಿತು. 2014ರಲ್ಲಿ ವಿಶಾಲ್ ಸಿಕ್ಕಾ ಬಂದರು, ಸ್ಥಾಪಕರಲ್ಲದ ಮೊದಲ ಸಿಇಒ. 2017ರಲ್ಲಿ ರಾಜೀನಾಮೆ ಕೊಟ್ಟರು. ಆಗ ಸ್ಥಾಪಕರಿಗೂ ನಿರ್ದೇಶಕರ ಮಂಡಳಿಗೂ ನಡೆದ ಜಟಾಪಟಿ ದಿನಾ ಪೇಪರಿನಲ್ಲಿ ಬರುತ್ತಿತ್ತು.

ಇನ್ನೊಂದು ದಾರಿಯೂ ಇದೆ. ಜೋಹೊ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕ ಶ್ರೀಧರ್ ವೆಂಬು 2025ರ ಜನವರಿಯಲ್ಲಿ ಸಿಇಒ ಕೆಲಸ ಬಿಟ್ಟು ಮುಖ್ಯ ವಿಜ್ಞಾನಿ ಆದರು. ಅಂದರೆ ಕಂಪನಿಯಲ್ಲೇ ಇದ್ದಾರೆ, ಆದರೆ ಮಾಡುವ ಕೆಲಸ ಬೇರೆ. ಹಾಗಾಗಿ ಪ್ರಶ್ನೆ ಮೇಜಿನದ್ದಲ್ಲ. ಆ ಮೇಜಿನ ಮೇಲೆ ಯಾವ ಕೆಲಸ ಅನ್ನುವುದು.

ಮಡಿಕೇರಿ ಮಂಜು
ಅದೇ ನಾನೂ ಹೇಳಿದ್ದು. ಸ್ಪಷ್ಟವಾದ ಕೆಲಸ ಇದ್ದರೆ ಇರಲಿ. "ಸಲಹೆಗಾರ" ಅನ್ನುವುದು ಕೆಲಸ ಅಲ್ಲ.

ಲೆಕ್ಕದ ಅಕ್ಕ
ಕೂರುವ ಜಾಗದ ಚರ್ಚೆ ನಡೆಯಲಿ. ಬರೆದುಕೊಟ್ಟ ಪಾಠಗಳಲ್ಲಿ ದುಡ್ಡಿನ ವಿಷಯ ಎಲ್ಲಿ? 15 ವರ್ಷದಿಂದ ಸಣ್ಣ ಕಂಪನಿಗಳ ಲೆಕ್ಕ ನೋಡುತ್ತಿದ್ದೇನೆ. ಲಾಭದಲ್ಲಿದ್ದ ಕಂಪನಿಗಳೇ ಮುಚ್ಚಿದ್ದನ್ನು ನೋಡಿದ್ದೇನೆ. ಬಿಲ್ ಕಳಿಸಿರುತ್ತಾರೆ, ದುಡ್ಡು ಬಂದಿರುವುದಿಲ್ಲ. ಟಿಡಿಎಸ್ (ಪಾವತಿಯಲ್ಲಿ ಹಿಡಿದ ತೆರಿಗೆ) 7ನೇ ತಾರೀಕಿಗೆ ಕಟ್ಟಬೇಕು, ಪಿಎಫ್ 15ಕ್ಕೆ. ಗ್ರಾಹಕ ಕೊಟ್ಟಿಲ್ಲ ಅಂದರೆ ಸರ್ಕಾರ ಕಾಯುವುದಿಲ್ಲ.

ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಕಂಪನಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ಅದೂ ಬರಹದಲ್ಲಿ ಒಪ್ಪಂದ ಇದ್ದರೆ. ಒಪ್ಪಂದ ಇಲ್ಲದಿದ್ದರೆ 15 ದಿನ. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಲ್ಲೇ ಇದೆ. ತಡ ಮಾಡಿದವರು ಆ ಮೊತ್ತವನ್ನು ಪಾವತಿ ಮಾಡುವವರೆಗೆ ಖರ್ಚಾಗಿ ತೋರಿಸುವಂತಿಲ್ಲ ಅನ್ನುವ ಆದಾಯ ತೆರಿಗೆ ನಿಯಮ 2024-25ರ ಅಸೆಸ್‌ಮೆಂಟ್ ವರ್ಷದಿಂದ ಬಂದಿದೆ. ಹೊಸದಾಗಿ ಜವಾಬ್ದಾರಿ ತೆಗೆದುಕೊಳ್ಳುವವರಿಗೆ ಇದನ್ನು ಕಾಗದದಲ್ಲಿ ಬರೆದುಕೊಡಿ ಅಣ್ಣ. ಕೇಳುವುದಕ್ಕೆ ನಾಚಿಕೆ ಪಡಬಾರದು.

ಗೋಣಿಕೊಪ್ಪದ ಹಳಬ
ಅಕ್ಕ, ಸರಿ ಹೇಳಿದಿರಿ, ಸೇರಿಸುತ್ತೇನೆ. 2008ರ ನಂತರ ಆರು ತಿಂಗಳ ಸಂಬಳದಷ್ಟು ದುಡ್ಡನ್ನು ಎಫ್‌ಡಿ ಮಾಡಿಟ್ಟಿದ್ದೇವೆ. 2020ರ ಲಾಕ್‌ಡೌನ್‌ನಲ್ಲಿ ಒಂದು ದಿನವೂ ಸಂಬಳ ನಿಲ್ಲಲಿಲ್ಲ. ಆದರೆ ಬಾಕಿ ಕೇಳುವುದರಲ್ಲಿ ನಾನು ಮೊದಲಿಂದಲೂ ಮೆತ್ತಗೆ. ತೋಟದವರು ಫಸಲು ಮಾರಿದ ಮೇಲೆ ಕೊಡುತ್ತೇವೆ ಅಂದರೆ ಒಪ್ಪಿಕೊಂಡುಬಿಡುತ್ತೇನೆ.

ಸಿದ್ದಾಪುರ ರೊಬಸ್ಟಾ
ತೋಟದವರಿಗೆ ದುಡ್ಡು ಬರುವುದೇ ವರ್ಷಕ್ಕೆ ಒಮ್ಮೆ ಅಲ್ವಾ. ನಮಗೂ 45 ದಿನ ಅಂದರೆ ಕಷ್ಟ.

ಲೆಕ್ಕದ ಅಕ್ಕ
ಹಾಗಾದರೆ ಬಿಲ್ಲನ್ನೇ ಫೆಬ್ರವರಿ, ಮಾರ್ಚ್‌ಗೆ ಬರುವ ಹಾಗೆ ಮಾಡಿಕೊಳ್ಳಿ. ಗ್ರಾಹಕರ ಕೈಯಲ್ಲಿ ದುಡ್ಡಿರುವ ತಿಂಗಳು ನೋಡಿ ಬಿಲ್ ಮಾಡುವುದೂ ಕಂಪನಿ ನಡೆಸುವವರ ಕೆಲಸವೇ.

ಹಳೆ ಉದ್ಯೋಗಿ
ಸರ್, ಆ 9 ಜನರಲ್ಲಿ ನಾನೂ ಒಬ್ಬ. ಹೆಸರು ಹೇಳುವುದಿಲ್ಲ, ನಿಮಗೆ ಗೊತ್ತಾಗುತ್ತದೆ.

ಶುಕ್ರವಾರದ ಈಮೇಲ್ ನೋವು ಕೊಟ್ಟಿತ್ತು, ಆದರೆ ಅದನ್ನು ಮರೆತಿದ್ದೆ. ಇವತ್ತು ಇದನ್ನು ಓದಿ ಬೇರೆಯೇ ಸಂಕಟವಾಯಿತು. ನಿಮಗೆ ಅಕ್ಟೋಬರ್‌ನಲ್ಲೇ ಗೊತ್ತಿತ್ತು ಅನ್ನುವುದು ನನಗೆ ತಿಳಿದದ್ದು ಈಗ. ಫೆಬ್ರವರಿಯಲ್ಲಿ ತಂಗಿಯ ಮದುವೆ ಇತ್ತು. ನವೆಂಬರ್‌ನಲ್ಲಿ ನಾನು ಪರ್ಸನಲ್ ಲೋನ್ ತೆಗೆದೆ. ಬ್ಯಾಂಕಿಗೆ ಕೊಡಬೇಕಾದ ಸಂಬಳದ ಪತ್ರಕ್ಕೆ ನೀವೇ ಸಹಿ ಹಾಕಿದಿರಿ.

ಆ ಸಾಲ ತೀರಿಸಲು ನಾಲ್ಕು ವರ್ಷ ಬೇಕಾಯಿತು. ಈಗ ಮೈಸೂರಿನಲ್ಲಿ 14 ಜನರ ಟೀಮ್ ನೋಡಿಕೊಳ್ಳುತ್ತೇನೆ. ಪ್ರತಿ ಸೋಮವಾರ ಎಲ್ಲರನ್ನೂ ಕೂರಿಸಿ ಯಾವ ಆರ್ಡರ್ ಇದೆ, ಯಾವುದು ಹೋಗುವ ಹಾಗಿದೆ, ಕೈಯಲ್ಲಿ ಎಷ್ಟು ತಿಂಗಳ ದುಡ್ಡಿದೆ ಅಂತ ಬೋರ್ಡ್ ಮೇಲೆ ಬರೆಯುತ್ತೇನೆ. ಅದನ್ನು ಕಲಿತದ್ದು ನಿಮ್ಮ ಕಂಪನಿಯಿಂದ ಹೊರಬಿದ್ದ ದಿನ.

ಗೋಣಿಕೊಪ್ಪದ ಹಳಬ
ಆ ಪತ್ರಕ್ಕೆ ಸಹಿ ಹಾಕಿದ್ದು ನೆನಪಿದೆ. ಲೋನ್ ಬೇಡ ಅಂತ ಹೇಳಬೇಕಿತ್ತು. ಹೇಳಿದರೆ ಕಾರಣ ಕೇಳುತ್ತೀರಿ, ಕಾರಣ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಸುಮ್ಮನಾದೆ. ತಪ್ಪು ಮಾಡಿದೆ. ಕ್ಷಮೆ ಕೇಳುತ್ತೇನೆ. ಒಪ್ಪಿದರೆ ಮೈಸೂರಿಗೆ ಬಂದು ನಿಮ್ಮನ್ನು ಎದುರಿಗೆ ನೋಡುತ್ತೇನೆ.

ಹಳೆ ಉದ್ಯೋಗಿ
ಬನ್ನಿ ಸರ್. ನಂಬರ್ ಹಳೆಯದೇ.

ಬೆಂಗಳೂರಲ್ಲಿರುವ ಕೊಡಗಿನವಳು
ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಆದರೂ ಸೋಮವಾರದ ಬೋರ್ಡ್ ಬಗ್ಗೆ ಒಂದು ಪ್ರಶ್ನೆ. ನಾನು ಎಚ್‌ಆರ್‌ನಲ್ಲಿ 12 ವರ್ಷದಿಂದ ಇದ್ದೇನೆ. ದುಡ್ಡು ಮೂರು ತಿಂಗಳಿಗೆ ಮಾತ್ರ ಇದೆ ಅಂತ ಬರೆದರೆ ಚೆನ್ನಾಗಿ ಕೆಲಸ ಮಾಡುವವರೇ ಮೊದಲು ಬಿಟ್ಟು ಹೋಗುತ್ತಾರೆ. ಅವರಿಗೆ ಬೇರೆ ಕೆಲಸ ಬೇಗ ಸಿಗುತ್ತದೆ. ಉಳಿದವರ ಕೆಲಸವೂ ಹೋಗುತ್ತದೆ. ಇದಕ್ಕೆ ಏನು ಹೇಳುತ್ತೀರಿ?

ಹಳೆ ಉದ್ಯೋಗಿ
ಒಮ್ಮೆ ಹಾಗೇ ಆಯಿತು ಮೇಡಂ. 2020ರಲ್ಲಿ ಬೋರ್ಡ್ ಮೇಲೆ "ನಾಲ್ಕು ತಿಂಗಳು" ಅಂತ ಬರೆದೆ. ಇಬ್ಬರು ಹೋದರು. ಹನ್ನೆರಡು ಜನ ಉಳಿದರು. ಹೋದ ಇಬ್ಬರಲ್ಲಿ ಒಬ್ಬಳು ಆಮೇಲೆ ತನ್ನ ಹೊಸ ಕಂಪನಿಯಿಂದ ನಮಗೆ ಕೆಲಸ ಕೊಡಿಸಿದಳು. ಮುಚ್ಚಿಟ್ಟಿದ್ದರೆ ಅವಳು ನಮ್ಮ ಮುಖ ನೋಡುತ್ತಿರಲಿಲ್ಲ. ಎಲ್ಲ ಕಡೆ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಜನರಿಗೆ ಬಿಟ್ಟು ಹೋಗುವ ಹಕ್ಕಿದೆ, ಅದಕ್ಕೆ ಬೇಕಾದ ಮಾಹಿತಿಯೂ ಅವರದ್ದೇ.

ಬೆಂಗಳೂರಲ್ಲಿರುವ ಕೊಡಗಿನವಳು
14 ಜನರಲ್ಲಿ ಇದು ನಡೆಯುತ್ತದೆ. 400 ಜನರಲ್ಲಿ ಕಷ್ಟ. ಆದರೂ ನಿಮ್ಮ ಮಾತು ಮನಸ್ಸಿನಲ್ಲಿ ಉಳಿಯಿತು.

ಲೈನ್‌ಮನೆ ರೈಟರ್
ಒಬ್ಬನೇ ಗ್ರಾಹಕ ಅನ್ನುವ ವಿಷಯಕ್ಕೆ ಬರುತ್ತೇನೆ. ನಮ್ಮ ತಂದೆಯವರ ಕಾಲದಲ್ಲಿ ಕಾಫಿಗೆ ಇದ್ದದ್ದು ಪೂಲ್ ಪದ್ಧತಿ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೆ ಕೊಡಬೇಕು, ಬೋರ್ಡ್ ಮಾರಿ ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. 90ರ ದಶಕದಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟು, 1996ಕ್ಕೆ ಪೂರ್ತಿ ಮುಕ್ತ ಮಾರುಕಟ್ಟೆ ಆಯಿತು. ಆಗ ತುಂಬಾ ಜನ ಖುಷಿ ಪಟ್ಟರು. 2001ರ ಹೊತ್ತಿಗೆ ಪ್ರಪಂಚದಲ್ಲೆಲ್ಲ ಕಾಫಿ ದರ ಬಿದ್ದಾಗ ಕೈ ಹಿಡಿಯುವವರು ಯಾರೂ ಇರಲಿಲ್ಲ. ತೋಟದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದವರು ಬಚಾವಾದರು. ಕಂಪನಿಗೂ ಒಂದು ಮೆಣಸಿನ ಬಳ್ಳಿ ಬೇಕು.

ಕುಶಾಲನಗರ ಕೋಡರ್
ರೈಟರ್ ಅಣ್ಣ, ಅದೇ ರೀತಿ ಐಟಿಯಲ್ಲೂ ನಡೆದಿದೆ. 1995ರಲ್ಲಿ ಇನ್ಫೋಸಿಸ್‌ಗೆ ಆದಾಯದ ಸುಮಾರು ಕಾಲು ಭಾಗ ಜನರಲ್ ಎಲೆಕ್ಟ್ರಿಕ್ ಒಂದರಿಂದಲೇ ಬರುತ್ತಿತ್ತು. ದರ ತುಂಬಾ ಕಡಿಮೆ ಮಾಡಿ ಅಂದಾಗ ಇವರು ಒಪ್ಪದೆ ಹೊರಬಂದರು. ಆಮೇಲೆ ಒಬ್ಬನೇ ಗ್ರಾಹಕನ ಮೇಲೆ ಅಷ್ಟು ಭಾರ ಹಾಕದ ಹಾಗೆ ನೋಡಿಕೊಂಡರು.

ಹಳಬರನ್ನು ಇನ್ನೊಂದು ಕೇಳಬೇಕು. 2003ರಲ್ಲಿ ಶುರು ಅಂದರೆ ಹಳೆ ಕೋಡ್ ವಿಷುಯಲ್ ಬೇಸಿಕ್ 6 ಅನ್ನುವ ಹಳೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇರಬೇಕಲ್ವಾ? ಮೈಕ್ರೋಸಾಫ್ಟ್ 2008ರಲ್ಲೇ ಅದರ ಬೆಂಬಲ ನಿಲ್ಲಿಸಿತು. ಅದನ್ನು ಹೇಗೆ ದಾಟಿದಿರಿ?

ಗೋಣಿಕೊಪ್ಪದ ಹಳಬ
ಸರಿಯಾಗಿ ಹಿಡಿದಿರಿ. 2012ರಲ್ಲಿ ಎಲ್ಲವನ್ನೂ ಒಟ್ಟಿಗೆ ಹೊಸದಾಗಿ ಬರೆಯಲು ಹೊರಟೆವು. 14 ತಿಂಗಳು ಕಳೆದರೂ ಮುಗಿಯಲಿಲ್ಲ. ಹಳೆಯದರಲ್ಲಿ ಏನೂ ಹೊಸತು ಮಾಡಲಿಲ್ಲ, ಹೊಸದು ಯಾರ ಕೈಗೂ ಸಿಗಲಿಲ್ಲ. ಗ್ರಾಹಕರು ಬೈಯಲು ಶುರು ಮಾಡಿದರು. ಇನ್ನು ಬೇಡ ಅಂತ ಮೊದಲು ಹೇಳಿದ್ದು ಈಗ ನಡೆಸಲು ಬರುತ್ತಿರುವ ಇದೇ ಸಹೋದ್ಯೋಗಿ. "ಸರ್, ಚೆಕ್‌ರೋಲ್ ಒಂದನ್ನು ಮಾತ್ರ ಮೊದಲು ಮುಗಿಸೋಣ. ಅದನ್ನು ಎರಡು ತೋಟಕ್ಕೆ ಕೊಟ್ಟು ನೋಡೋಣ." ನನಗೆ ಸಿಟ್ಟು ಬಂತು. ಒಂದು ವಾರ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರು ಹೇಳಿದ ಹಾಗೇ ಮಾಡಿದೆವು. ಒಂದೊಂದು ಭಾಗ ಬದಲಾಯಿಸುತ್ತಾ ಮೂರು ವರ್ಷದಲ್ಲಿ ಮುಗಿಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಬಿಲ್ಲಿಂಗ್ ಭಾಗ ಒಂದನ್ನೇ ಬಿಚ್ಚಿ ಸರಿ ಮಾಡಲು ಸಾಧ್ಯವಾಯಿತು. ಹಳೆ ಕೋಡ್ ಇದ್ದಿದ್ದರೆ ಆ ತಿಂಗಳು ನಾವು ಮುಳುಗುತ್ತಿದ್ದೆವು.

ಅವತ್ತೇ ನಾನು ಮನಸ್ಸಿನಲ್ಲಿ ನಿರ್ಧಾರ ಮಾಡಿದ್ದೆ, ಮುಂದೆ ಇವರೇ ಅಂತ.

ಪೊನ್ನಂಪೇಟೆ ಫೈನಲ್ ಇಯರ್
ಸರ್, ನಾನು ಇಲ್ಲೇ ಇಂಜಿನಿಯರಿಂಗ್ ಕೊನೆ ವರ್ಷ. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಬೆಂಗಳೂರಿಗೇ ಹೊರಡುತ್ತಾರೆ. ಗೋಣಿಕೊಪ್ಪದಲ್ಲಿ ಕಂಪನಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಕರೆಂಟ್, ಇಂಟರ್ನೆಟ್ ಹೇಗೆ ನಿಭಾಯಿಸುತ್ತೀರಿ?

ಗೋಣಿಕೊಪ್ಪದ ಹಳಬ
ಎರಡು ಬೇರೆ ಬೇರೆ ಕಂಪನಿಯ ಲೈನ್, ಜೊತೆಗೆ ಜನರೇಟರ್. ಮರ ಬಿದ್ದು ಎರಡೂ ಲೈನ್ ಕಡಿದ ದಿನಗಳೂ ಇವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಕಡೆ ಗುಡ್ಡ ಕುಸಿದಾಗ ನಮ್ಮ ಇಬ್ಬರು ಹುಡುಗರ ಮನೆ ಹೋಯಿತು. ಆ ತಿಂಗಳು ಯಾರಿಗೂ ಕೆಲಸದ ಡೆಡ್‌ಲೈನ್ ಕೇಳಲಿಲ್ಲ. ಗ್ರಾಹಕರಿಗೆ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡಿ ತಡವಾಗುತ್ತದೆ ಅಂದೆ. ಒಬ್ಬರೂ ಬಿಟ್ಟು ಹೋಗಲಿಲ್ಲ. 2008ರಲ್ಲಿ ಮಾಡಲಾಗದ್ದನ್ನು ಅವತ್ತು ಮಾಡಿದೆ.

ಆಫೀಸ್ ಸಮಯ ಬೆಳಿಗ್ಗೆ 8ರಿಂದ ಸಂಜೆ 4.30. ಸಿದ್ದಾಪುರ, ತಿತಿಮತಿ ಕಡೆಯಿಂದ ಬೈಕಿನಲ್ಲಿ ಬರುವವರು ಕತ್ತಲಾಗುವ ಮೊದಲು ಮನೆ ಸೇರಬೇಕು. ಆನೆ ರಸ್ತೆಗೆ ಬರುತ್ತದೆ. ಬೆಂಗಳೂರಿನ ಗ್ರಾಹಕರಿಗೂ ಇದನ್ನೇ ಹೇಳಿದ್ದೇವೆ, ಸಂಜೆ 5 ಗಂಟೆಗೆ ಮೀಟಿಂಗ್ ಇಲ್ಲ.

ಮಗಳೇ, ನಿನ್ನ ಪ್ರಾಜೆಕ್ಟ್ ಹಿಡಿದುಕೊಂಡು ಬಾ. ಏಪ್ರಿಲ್ ನಂತರ ಬಂದರೆ ಹೊಸಬರನ್ನೇ ಕೇಳಬೇಕು.

ಸಿದ್ದಾಪುರ ರೊಬಸ್ಟಾ
ಆನೆ ವಿಷಯ ಎತ್ತಿದಿರಿ. ನಿನ್ನೆ ರಾತ್ರಿ ನಮ್ಮ ಕೆರೆ ಹತ್ತಿರ ಮರಿ ಸಮೇತ ಐದು. ಸ್ಪ್ರಿಂಕ್ಲರ್ ಪೈಪ್ ತುಳಿದು ಹೋಗಿವೆ.

ಲೈನ್‌ಮನೆ ರೈಟರ್
ನಮ್ಮಲ್ಲೂ ಬೆಳಿಗ್ಗೆ ಕೆಲಸದವರನ್ನು ಒಂದು ಗಂಟೆ ತಡವಾಗಿ ಬಿಟ್ಟೆವು.

ಬೆಂಗಳೂರಲ್ಲಿರುವ ಕೊಡಗಿನವಳು
ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಅಣ್ಣ, ಎಲ್ಲರೂ ನಿಮಗೆ ಅಭಿಪ್ರಾಯ ಹೇಳುತ್ತಿದ್ದಾರೆ. ನೀವು ಆ ಸಹೋದ್ಯೋಗಿಯನ್ನೇ ಕೇಳಿದ್ದೀರಾ? "ಏಪ್ರಿಲ್ ಆದಮೇಲೆ ನೀವು ಎಲ್ಲಿ ಕೂರುತ್ತೀರಿ" ಅಂತ ಒಬ್ಬ ಹೆಣ್ಣುಮಗಳು ತನ್ನನ್ನು ಬೆಳೆಸಿದ ಯಜಮಾನರನ್ನು ಕೇಳಿದರೆ ಅದು ಕುರ್ಚಿಯ ವಿಷಯ ಅಲ್ಲ. ಹೇಳಲು ಆಗದ ಮಾತನ್ನು ಪ್ರಶ್ನೆ ಮಾಡಿ ಕೇಳಿದ್ದಾರೆ. ನಾನೂ ಒಮ್ಮೆ ಹಾಗೇ ಕೇಳಿದ್ದೆ. "ಇಲ್ಲೇ ಇರ್ತೀನಮ್ಮ, ಹೆದರಬೇಡ" ಅಂದರು. ಪ್ರೀತಿಯಿಂದಲೇ ಅಂದರು. ಒಂದೂವರೆ ವರ್ಷ ನನ್ನ ಪ್ರತಿ ನಿರ್ಧಾರವೂ ಅವರ ಕೋಣೆಗೆ ಹೋಗಿ ಬರುತ್ತಿತ್ತು. ಕೊನೆಗೆ ನಾನೇ ಬಿಟ್ಟೆ.

ಅವರು ಇಲ್ಲ ಅನ್ನಲು ಆಗುವ ಹಾಗೆ ಕೇಳಿ. ಆಫೀಸಿನಲ್ಲಿ ಕೇಳಬೇಡಿ.

ಮಡಿಕೇರಿ ಮಂಜು
ಈ ಮಾತು ಓದಿ ನನ್ನ ಅಭಿಪ್ರಾಯ ಬದಲಾಯಿತು. ಗ್ರಾಹಕರ ವಿಷಯದ ಭಯ ಮಾತ್ರ ಇನ್ನೂ ಇದೆ.

ಗೋಣಿಕೊಪ್ಪದ ಹಳಬ
ಎರಡು ದಿನ ಇಲ್ಲಿ ಬರೆಯಲಿಲ್ಲ. ಶನಿವಾರ ಮೈಸೂರಿಗೆ ಹೋಗಿದ್ದೆ. ಮನೆಯಲ್ಲೇ ಊಟ ಹಾಕಿದರು. ಆ ತಂಗಿಯ ಮಗ ಈಗ ಹೈಸ್ಕೂಲ್. ಅಲ್ಲಿ ಆಡಿದ ಮಾತು ನಮ್ಮಿಬ್ಬರದ್ದೇ ಇರಲಿ.

ಭಾನುವಾರ ಸಹೋದ್ಯೋಗಿಯ ಮನೆಗೆ ಹೋಗಿ ಕೇಳಿದೆ. ನೀವು ಹೇಳಿದ್ದು ನಿಜ ತಂಗಿ. ಮೊದಲು "ನಿಮ್ಮ ಇಷ್ಟ ಸರ್" ಅಂದರು. ನಾನು ಏನೂ ಹೇಳದೆ ಕಾಫಿ ಕುಡಿಯುತ್ತಾ ಕೂತೆ. ಆಮೇಲೆ ಮೆಲ್ಲಗೆ ಹೇಳಿದರು. ಏಪ್ರಿಲ್ ಪೂರ್ತಿ ನಾನು ಅವರ ಜೊತೆ ಒಬ್ಬೊಬ್ಬ ಗ್ರಾಹಕರ ಹತ್ತಿರ ಹೋಗಬೇಕಂತೆ. ಅಲ್ಲಿ ಮಾತಾಡುವುದು ಅವರು, ನಾನು ಪಕ್ಕದಲ್ಲಿ ಇದ್ದರೆ ಸಾಕು. ಮೇ ತಿಂಗಳಿಂದ ಪುತ್ತರಿ ಹಬ್ಬದ ತನಕ ಆಫೀಸಿಗೆ ಬರಬಾರದು. ಬೇಕಾದರೆ ಅವರೇ ಫೋನ್ ಮಾಡುತ್ತಾರೆ. ನಾನಾಗಿ ಮಾಡಬಾರದು. ಹುಡುಗರು ಯಾರಾದರೂ ನನಗೆ ಫೋನ್ ಮಾಡಿದರೆ ಮೇಡಂ ಅವರನ್ನೇ ಕೇಳಿ ಅನ್ನಬೇಕು. ದರಪಟ್ಟಿಯನ್ನು ಈ ವರ್ಷವೇ ಬದಲಾಯಿಸುತ್ತೇನೆ ಅಂತಲೂ ಹೇಳಿದರು. ನಾನು ಹಾಕಿದ ದರ ಕಡಿಮೆಯಂತೆ.

ಒಪ್ಪಿಕೊಂಡೆ. ದರದ ಮಾತಿಗೆ ಬಾಯಿವರೆಗೆ ಉತ್ತರ ಬಂದಿತ್ತು, ನುಂಗಿಕೊಂಡೆ.

ಲೆಕ್ಕದ ಅಕ್ಕ
ದರ ಕಡಿಮೆ ಅನ್ನುವುದು ನನಗೂ ಅನ್ನಿಸಿತ್ತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಿವೃತ್ತ ಸುಬೇದಾರ್
ಪುತ್ತರಿಯ ತನಕ ಅಂದರೆ ಏಳೆಂಟು ತಿಂಗಳು. ಮನೆಯಲ್ಲಿ ಕೂರಬೇಡಿ. ತೋಟಕ್ಕೆ ಇಳಿಯಿರಿ.

ಸಿದ್ದಾಪುರ ರೊಬಸ್ಟಾ
ಕೆಲಸ ಬೇಕಾದಷ್ಟಿದೆ ಅಣ್ಣ. ಇಲ್ಲಿ ಈಗಷ್ಟೇ ಮಳೆ ನಿಂತಿತು. ಅಳತೆ ಮಾಡಿದೆ, 90 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು ಮಳೆ). ಒಂದೇ ಸಮನೆ ಬಿತ್ತು, ಮುಂದಿನ ವಾರ ಕಾಫಿ ಹೂ ಗ್ಯಾರಂಟಿ. ಗೋಣಿಕೊಪ್ಪದಲ್ಲಿ ಎಷ್ಟಾಯಿತು?

ಗೋಣಿಕೊಪ್ಪದ ಹಳಬ
ಇಲ್ಲಿ 40 ಸೆಂಟ್ ಮಾತ್ರ. ರಾತ್ರಿ ಇನ್ನೊಂದು ಬಂದರೆ ಸರಿ, ಇಲ್ಲದಿದ್ದರೆ ಬೆಳಿಗ್ಗೆ ಸ್ಪ್ರಿಂಕ್ಲರ್ ಜೋಡಿಸಬೇಕು.